ಅತ್ತಿಗೆಯ ಹೆಸರಿನ ಡಬ್ಬಿ

ಮನುಷ್ಯ ತನ್ನೊಳಗೆ ಇಟ್ಟುಕೊಂಡದ್ದು ಎಂದಾದರೊಂದು ದಿನ ಹೊರಬಂದೇ ಬರುತ್ತದೆ. ಅತ್ತಿಗೆ, ನಿಮ್ಮದು ಅವತ್ತು ಬೆಳಿಗ್ಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೊರಬಂದಿತ್ತು. ನಾನು ಅದನ್ನು ಕಳೆದುಕೊಂಡೆ. ಲ್ಯಾಬಿಗೆ ನಿಮ್ಮ ಹೆಸರಿನಲ್ಲಿ ಕೊಟ್ಟದ್ದು ನನ್ನ ಮಲ.

ಇದನ್ನು ಇದಕ್ಕಿಂತ ಗೌರವದ ಮಾತಿನಲ್ಲಿ ಹೇಳಲು ಇಷ್ಟು ವರ್ಷ ಹೆಣಗಿದೆ — ಆಗಲಿಲ್ಲ.

ಗಂಟಲಲ್ಲಿ ಪೈಪು ಇಳಿಸುವ ಎಂಡೋಸ್ಕೋಪಿ ಎಂದರೆ ನಿಮಗೆ ನಡುಕ. ನಿಮ್ಮ ಹೊಟ್ಟೆನೋವಿಗೆ ಬ್ಯಾಕ್ಟೀರಿಯಾ ಕಾರಣವೋ ಎಂದು ತಿಳಿಯಲು ಮಲಪರೀಕ್ಷೆಯೇ ಸಾಕು, ಇದ್ದರೆ ಮಾತ್ರೆಯಲ್ಲಿ ಹೋಗುತ್ತದೆ ಎಂದರು ಡಾಕ್ಟರು. ಅಣ್ಣ ಊರಲ್ಲಿರಲಿಲ್ಲ. ಹಲಸೂರಿನ ಮನೆ ಬಾಗಿಲಲ್ಲಿ ನೀವು ತಲೆ ತಗ್ಗಿಸಿ ಡಬ್ಬಿ ಕೊಟ್ಟಿರಿ.

"ಯಾರ್ಗೂ ಹೇಳ್ಬೇಡ ಸೋಮು. ನಿನ್ ಕೈಲಿ ಇಂಥಾ ಕೆಲ್ಸ ಮಾಡಿಸ್ಬೇಕಾಯ್ತಲ್ಲ, ನನ್ ಕರ್ಮ."

ನನ್ನಂಥ ನಿವೃತ್ತ ಹೆಡ್ ಕ್ಲರ್ಕು ಮಲ ಹಿಡಿದು ಬಸ್ಸಿನಲ್ಲಿ ಹೋಗುವುದೇ? ಡಬ್ಬಿಯನ್ನು ಸ್ವೀಟ್ ಬಾಕ್ಸಿನಲ್ಲಿಟ್ಟು ದಾರ ಕಟ್ಟಿದೆ. ಶಿವಾಜಿನಗರದಲ್ಲಿ ಇಳಿಯುವಾಗ ಪಕ್ಕದಲ್ಲಿ ಬಾಕ್ಸ್ ಇಲ್ಲ. ಮೈಸೂರುಪಾಕಿನ ಆಸೆಯವರು ಯಾರೋ ಎತ್ತಿಕೊಂಡು ಹೋಗಿದ್ದರು — ಅವರು ಆ ದಾರ ಬಿಚ್ಚಿದ ಗಳಿಗೆಯನ್ನು ನೆನೆದು ನಕ್ಕೆ. ಅದನ್ನೂ ಒಪ್ಪಿಕೊಳ್ಳುತ್ತೇನೆ.

ವಾಪಸು ಬಂದು ಇನ್ನೊಮ್ಮೆ ಕೇಳಬಹುದಿತ್ತು. ಆದರೆ ಸ್ವೀಟ್ ಬಾಕ್ಸಿನ ಕಥೆ ಹೇಳಬೇಕಾಗುತ್ತಿತ್ತು, ನನ್ನ ಬಿಗುಮಾನ... ಮೆಡಿಕಲ್ ಶಾಪಿನಲ್ಲಿ ಹೊಸ ಡಬ್ಬಿ ಕೊಂಡು ಬಸ್ ನಿಲ್ದಾಣದ ಶೌಚಾಲಯಕ್ಕೆ ಹೋದೆ.

ರಿಪೋರ್ಟ್ ಬಂತು: ಸೋಂಕಿಲ್ಲ. ಸುಳ್ಳಲ್ಲ — ನನ್ನ ಹೊಟ್ಟೆ ಶುದ್ಧವಾಗಿತ್ತು. "ನೋಡ್ದ್ಯಾ, ನಂಗೇನೂ ಇಲ್ಲ!" ಎಂದು ನೀವು ಪಾಯಸ ಬಡಿಸಿದಿರಿ. ಉಂಡೆ. ಆಮೇಲೆ ನೋವು ಬಂದಾಗಲೆಲ್ಲ ಗ್ಯಾಸ್ ಎಂದುಕೊಂಡು ಜೀರಿಗೆ ನೀರು ಕುಡಿದಿರಿ. ನಾನು ನೋಡುತ್ತಿದ್ದೆ — ನೋಡುತ್ತಲೇ ಇದ್ದೆ.

ಮರುವರ್ಷ ನೀವು ರಕ್ತ ಕಾರಿದಾಗ ಆ ಪೈಪನ್ನು ಇಳಿಸಿಯೇ ಬಿಟ್ಟರು. ಹೊಟ್ಟೆಯಲ್ಲಿ ಹುಣ್ಣು, ಹುಣ್ಣಿನಲ್ಲಿ ಅದೇ ಬ್ಯಾಕ್ಟೀರಿಯಾ. ಅಣ್ಣ ನನ್ನನ್ನೂ ಕರೆದುಕೊಂಡು ಲ್ಯಾಬಿಗೆ ನುಗ್ಗಿದ.

"ಏನಮ್ಮ, ಕಣ್ಮುಚ್ಕೊಂಡು ಟೆಸ್ಟ್ ಮಾಡ್ತೀರಾ?" ಎಂದ ಅಣ್ಣ.

"ತಂದ್ಕೊಟ್ಟಿದ್ದನ್ನೇ ಟೆಸ್ಟ್ ಮಾಡಿದ್ದು ಅಂಕಲ್. ಬೇಕಾದ್ರೆ ಇವರನ್ನೇ ಕೇಳಿ," ಎಂದು ಕೌಂಟರಿನ ಹುಡುಗಿ ನನ್ನತ್ತ ನೋಡಿದಳು.

"ಸುಮ್ನಿರಮ್ಮ! ತಪ್ಪೂ ಮಾಡಿ ಎದುರು ಬೇರೆ ಮಾತಾಡ್ತೀಯಾ?"

ಹೀಗೆಂದವನು ನಾನು, ಅತ್ತಿಗೆ. ಡಬ್ಬಿಯ ತಪ್ಪಿಗೆ ಬಿಗುಮಾನ ಕಾರಣ ಎನ್ನಬಹುದೇನೋ. ಈ ಮಾತಿಗೆ — ಯಾವ ನೆಪವೂ ಸಿಗುತ್ತಿಲ್ಲ.

ನಾಳೆ ಅಣ್ಣನ ಎದುರಿಗೇ ಇದನ್ನು ನಿಮಗೆ ಓದಿ ಹೇಳುತ್ತೇನೆ. ಕ್ಷಮಿಸಿ ಎನ್ನುವುದಿಲ್ಲ. ಆ ಹುಣ್ಣಿನಿಂದಾಗಿ ನಿಮ್ಮ ಜಠರದ ಅರ್ಧ ಭಾಗವನ್ನು ಕತ್ತರಿಸಿ ತೆಗೆದಿದ್ದಾರೆ. ನೀವೀಗ ಒಂದು ಹೊತ್ತಿಗೆ ಒಂದು ಹಿಡಿ ಅನ್ನಕ್ಕಿಂತ ಹೆಚ್ಚು ಉಣ್ಣಲಾರಿರಿ.