ಹಳದಿ ಬೆರಳಿನ ಮಸಿ

ಸತ್ತವರು ಓಟು ಹಾಕುವುದು ನಮ್ಮಲ್ಲಿ ಹೊಸದೇನಲ್ಲ ಎಂದು ಸ್ಟಾಫ್ ರೂಮಿನಲ್ಲಿ ಕೂತು ನಗಾಡಿದವರಲ್ಲಿ ನಾನೂ ಒಬ್ಬಳು. ದೆವ್ವ, ಭೂತ, ಮೈಮೇಲೆ ಬರುವುದು ಯಾವುದನ್ನೂ ನಂಬಿದವಳಲ್ಲ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ಇದನ್ನೆಲ್ಲ ನಂಬಿ ಕೂತರೆ ಆಗುತ್ತದೆಯೇ? ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂಬ ಒತ್ತಾಯವೂ ನನಗಿಲ್ಲ. ನಂಬದಿದ್ದರೆ ನನಗೇ ಒಂದಿಷ್ಟು ಹಗುರವಾದೀತು.

ನಮ್ಮದು ಕೊಯಮತ್ತೂರಿನಲ್ಲಿ ತಲೆಮಾರುಗಳಿಂದ ನೆಲೆಸಿದ ನೇಕಾರರ ಮನೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಈ ಕನ್ನಡ ಅಕ್ಷರಗಳನ್ನು ನಾನು ಕಲಿತದ್ದೂ ದೊಡ್ಡವಳಾದ ಮೇಲೆಯೇ. ವಿಜಯದಶಮಿಯ ದಿನ ನಮ್ಮ ಗಂಡಸರು ಚೌಡೇಶ್ವರಿಯನ್ನು ಕರೆಯುತ್ತ ಬರಿ ಎದೆಗೆ ಕತ್ತಿ ಹಾಕಿಕೊಳ್ಳುತ್ತಾರೆ. ರಕ್ತ ಬಂದಲ್ಲಿ ಭಂಡಾರ, ಅಂದರೆ ದೇವಿಯ ಅರಿಸಿನದ ಪುಡಿ ಮೆತ್ತುತ್ತಾರೆ. ಗಾಯ ಮಾಯುತ್ತದೆ. ಚರ್ಮದ ಮೇಲಿನ ಗಾಯ ಮಾಯದೆ ಇನ್ನೇನು ಮಾಡುತ್ತದೆ ಎಂದು ನಾನು ಅಪ್ಪನ ಹತ್ತಿರ ಜಗಳ ಕಾಯುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಪಂಚಾಯಿತಿ ಚುನಾವಣೆಯ ಕೆಲಸಕ್ಕೆ ನನ್ನನ್ನು ಅನ್ನೂರಿನಾಚೆಯ ಒಂದು ಹಳ್ಳಿಗೆ ಹಾಕಿದರು. ಓಟು ಹಾಕಲು ಬಂದವರ ಬೆರಳಿಗೆ ಮಸಿ ಹಚ್ಚುವುದು ನನ್ನ ಪಾಲಿಗೆ ಬಂತು. ಹಿಂದಿನ ಸಂಜೆ ಅಲ್ಲಿಯ ಶಾಲೆಯಲ್ಲಿ ಬೆಂಚು ಜೋಡಿಸುತ್ತ ಫೋನಿನಲ್ಲಿ ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದೆ. ಹಿರಿಯರೊಬ್ಬರು ಬಾಗಿಲಲ್ಲಿ ನಿಂತು, "ನೀ ನಮ್ಮವ್ಳಾ ಕಣ್ಣು?" ಎಂದು ಕೇಳಿದರು. ಕಣ್ಣು ಅಂದರೆ ನಮ್ಮ ಕಡೆ ಮಗಳೇ ಎಂದ ಹಾಗೆ. ಆ ಊರಿನ ನೇಕಾರರ ಬೀದಿಯ ರಾಮಲಿಂಗಯ್ಯ. ಬಿಚ್ಚಿದ ಅಂಗಿಯೊಳಗೆ ಎದೆಯ ಮೇಲೆ ಹಳೆಯ ಕತ್ತಿಯ ಗೆರೆಗಳು ಕಾಣುತ್ತಿದ್ದವು. ಹೋದ ಸಲ ಅವರ ಬೀದಿಯವರು ಯಾರೂ ಓಟು ಹಾಕಿರಲಿಲ್ಲವಂತೆ. ಹಾಕಿದರೆ ಕೈ ಕಡಿಯುತ್ತೇವೆ ಎಂದು ಊರಿನ ದೊಡ್ಡ ಮನುಷ್ಯನೊಬ್ಬನ ಕಡೆಯವರು ಬೆದರಿಸಿದ್ದರಂತೆ.

"ಈ ತಡವೆ ಬರ್ತೀವಿ. ನಮ್ ಬೀದೀಲಿ ಮೊದ್ಲ ಮಸಿ ನನಗೇ ಇಕ್ಕು. ನನ್ ಬೆರಳ್ ನೋಡಿದ್ರೆ ಹೆಂಗಸ್ರಿಗೂ ಧೈರ್ಯ ಬರ್ತದೆ" ಅಂದರು. ಆಗಲಿ ಅಂದೆ.

ಮಾರನೆಯ ದಿನ ಮಧ್ಯಾಹ್ನ ಅವರು ಬಂದರು. ಕಿಟಕಿಯಿಂದ ನೋಡಿದೆ. ಮುಂದೆ ಬಿಳಿ ಅಂಗಿಯ ರಾಮಲಿಂಗಯ್ಯ, ಪಕ್ಕದಲ್ಲಿ ಅವರ ಹೆಂಡತಿ ಸರಸಮ್ಮ, ಹಿಂದೆ ಇಡೀ ಬೀದಿ. ಅವರು ಶಾಲೆಯ ಗೇಟು ಮುಟ್ಟುವಷ್ಟರಲ್ಲಿ ಬೈಕುಗಳು ನುಗ್ಗಿದವು. ಬಂದವರು ಮಾತಾಡಲಿಲ್ಲ, ಬೈಯಲೂ ಇಲ್ಲ. ಸೀದಾ ಮಚ್ಚು ಬೀಸಿದರು. ಮೊದಲ ಏಟು ರಾಮಲಿಂಗಯ್ಯನವರ ಕುತ್ತಿಗೆಯ ಬುಡಕ್ಕೇ ಬಿತ್ತು. ಅವರು ಗೇಟಿನ ಹೊರಗೆ ಕುಸಿದರು. ಹೆಂಗಸೊಬ್ಬಳ ಮೊಣಕೈ ಮೇಲೆ ಕಬ್ಬಿಣದ ರಾಡು ಬಿದ್ದ ಸದ್ದು ಒಳಗೆ ನನಗೆ ಕೇಳಿಸಿತು. ಕಾವಲಿಗಿದ್ದ ಒಬ್ಬನೇ ಪೊಲೀಸಿನವನನ್ನೂ ಹೊಡೆದು ಕೆಡವಿದರು. ನಮ್ಮ ಅಧಿಕಾರಿ ಬಾಗಿಲಿಗೆ ಚಿಲಕ ಹಾಕಿ ಬೆಂಚು ಅಡ್ಡ ಎಳೆದರು. ಕಿಟಕಿಯ ಗಾಜು ಪುಡಿಯಾಯಿತು. ಸರಳುಗಳ ನಡುವೆ ಮಚ್ಚೊಂದು ಒಳಗೆ ತೂರಿ, ಯಾರಾದರೂ ಸಿಗುತ್ತಾರೇನೋ ಎಂದು ಗಾಳಿಯಲ್ಲಿ ಆಡಿತು. ಮತಚೀಟಿ ಕೊಡುವವರು ಮೇಜಿನ ಕೆಳಗೆ ಕೂತು ಅಳುತ್ತಿದ್ದರು.

ಆಗ ನನ್ನ ಮುಂದೆ ರಾಮಲಿಂಗಯ್ಯ ನಿಂತಿದ್ದರು.

ಇದನ್ನು ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಬರಿ ಮೈ. ಎದೆಯಿಂದ ಕುತ್ತಿಗೆಯವರೆಗೆ ಭಂಡಾರ ಮೆತ್ತಿತ್ತು, ಬೆರಳುಗಳೂ ಹಳದಿ. ಎಡಗೈ ಚಾಚಿ, "ಸೀಕ್ರ ಇಕ್ಕು ಕಣ್ಣು, ಹೆಂಗಸ್ರು ಬಿಸಿಲಾಗೆ ನಿಂತವ್ರೆ" ಅಂದರು. ನನ್ನ ಕೈ ಬೆಳಗಿನಿಂದ ಮಾಡುತ್ತಿದ್ದ ಕೆಲಸವನ್ನೇ ಮಾಡಿತು. ಬೆರಳು ಬೆಚ್ಚಗಿತ್ತು. ಅರಿಸಿನ ಒರೆಸಿ ಉಗುರಿನ ಮೇಲಿಂದ ಗೆರೆ ಎಳೆದೆ. ಗೆರೆ ಸೊಟ್ಟಗಾಯಿತು, ಪಕ್ಕದ ಬೆರಳಿಗೂ ತಾಗಿತು. ಅವರು ಓಟು ಹಾಕುವ ರಟ್ಟಿನ ಮರೆಯ ಹಿಂದೆ ಹೋದರು. ಆಚೆ ಬಂದದ್ದನ್ನು ನಾನು ಕಾಣಲಿಲ್ಲ.

ಪೊಲೀಸ್ ವ್ಯಾನು ಬಂದು ಬೈಕಿನವರು ಓಡಿಹೋದ ಮೇಲೆ ಬಾಗಿಲು ತೆರೆದೆವು. ರಾಮಲಿಂಗಯ್ಯ ಬಿದ್ದಲ್ಲೇ ಇದ್ದರು. ಬಿದ್ದ ಗಳಿಗೆಯಿಂದ ಸರಸಮ್ಮ ಅವರ ತಲೆಯನ್ನು ತೊಡೆಯಿಂದ ಇಳಿಸಿರಲಿಲ್ಲ. ಅಂಗಿ ಹರಿದು, ಸೆರಗಿನ ಗಂಟಿನಲ್ಲಿ ತಂದಿದ್ದ ಭಂಡಾರವನ್ನೆಲ್ಲ ಗಾಯಕ್ಕೆ ಒತ್ತಿದ್ದರು. ಗಾಡಿ ತರಲು ಹೊರಟವರನ್ನು, "ತಾಯಿ ನಿಲ್ಲಿಸ್ತಾಳೆ, ಇರಿ" ಎಂದು ತಡೆದದ್ದೂ ಅವರೇ. ಪ್ರತಿ ವರ್ಷ ಗಂಡನ ಎದೆಯ ರಕ್ತ ಅದರಲ್ಲೇ ನಿಂತಿತ್ತು. ಈ ಸಲ ನಿಲ್ಲಲಿಲ್ಲ. ಅದನ್ನು ನೋಡಿ ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

ನಾನಿನ್ನೂ ಮೆಟ್ಟಿಲಿನ ಮೇಲೇ ಇದ್ದೆ. ಸರಸಮ್ಮ ಗಂಡನ ಎಡಗೈ ಹಿಡಿದು ನೋಡುತ್ತಿದ್ದರು. ಆಮೇಲೆ ಅದನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದರು. ತೋರುಬೆರಳ ಮೇಲೆ ಸೊಟ್ಟ ಗೆರೆ, ಪಕ್ಕದ ಬೆರಳಿಗೂ ತಾಗಿದ್ದು. ಗೋಡೆಯ ಮರೆಯಲ್ಲಿ ಅಡಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ಸಾಲು ನಿಂತರು. ತಲೆಯಿಂದ ರಕ್ತ ಇಳಿಯುತ್ತಿದ್ದವಳೂ ನಿಂತಳು. ಅಧಿಕಾರಿ ಮನೆಗೆ ಹೋಗಿ ಎಂದರೂ ಒಬ್ಬರೂ ಕದಲಲಿಲ್ಲ. ಕೊನೆಗೆ ಅವರು ಮೇಲಿನವರನ್ನು ಕೇಳಿ ಮತದಾನ ಮುಂದುವರಿಸಿದರು.

ನನ್ನ ಕೈಯ ಮಸಿಯೇ ಹೆಣಕ್ಕೆ ತಾಗಿರಬೇಕೆಂದು ಆ ಅಧಿಕಾರಿ ಆಮೇಲೆ ಸಮಾಧಾನ ಹೇಳಿದರು. ನಾನು ಹೆಣದ ಹತ್ತಿರ ಹೋಗಿಯೇ ಇರಲಿಲ್ಲ. ಭಯದಲ್ಲಿ ಏನೋ ಕಂಡೆ ಎಂದುಕೊಳ್ಳೋಣವೆಂದರೆ, ಆ ಗೆರೆ ಇಡೀ ಬೀದಿಯೇ ಕಂಡದ್ದು.

ಹೆಣ ಸಾಗಿಸಿದ ಮೇಲೆ ಸರಸಮ್ಮ ಒಳಗೆ ಬಂದರು. ಅವರ ಬೆರಳೂ ಹಳದಿ. ಒರೆಸಿ ಮಸಿ ಹಚ್ಚಿದೆ. ಅವರು ನನ್ನ ಮಣಿಕಟ್ಟು ಬಿಡಲಿಲ್ಲ.

"ಮಸಿ ನೋಡ್ದೆ ಕಣ್ಣು. ಓಟೂ ಹಾಕಿಬಿಟ್ರಾ ಅವ್ರು?"

ನಾನು ರಟ್ಟಿನ ಮರೆಯ ಕಡೆ ನೋಡಿದೆ. "ಹಾಕಿದ್ರು ಅತ್ತೆ" ಅಂದೆ.

ಸುಳ್ಳು ಹೇಳಿದೆನೋ ನಿಜ ಹೇಳಿದೆನೋ, ನನಗೆ ಇವತ್ತಿಗೂ ಗೊತ್ತಿಲ್ಲ.