ಗರಸು ಸಿಗುವ ತನಕ

ಮದುವೆಯಾಗಿ ಕಂಪ್ಲಿಗೆ ಬಂದ ಮೊದಲ ಬೇಸಿಗೆಯಲ್ಲೇ ನನ್ನ ಕೋಣೆಯ ಬಾಗಿಲಿಗೆ ಚಿಲಕ ಬೀಳುವುದು ನಿಂತುಹೋಯಿತು. ಕಾರ್ತೀಕದಲ್ಲಿ ಸಲೀಸಾಗಿ ಬೀಳುತ್ತಿದ್ದ ಚಿಲಕ ಚೈತ್ರ ಬರುವ ಹೊತ್ತಿಗೆ ತನ್ನ ತೂತಿಗಿಂತ ಒಂದು ಬೆರಳು ಕೆಳಗೆ ನಿಲ್ಲುತ್ತಿತ್ತು. ನನ್ನ ಗಂಡ ಸಂಡೂರಿನ ಗಣಿಯೊಂದರಲ್ಲಿ ಗುಮಾಸ್ತರು. ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಅವರು ಬಂದಾಗ ನಾನು ಬಾಗಿಲಿಗೆ ಒಳಗಿನಿಂದ ಗುಂಡುಕಲ್ಲು ಅಡ್ಡ ಇಡುತ್ತಿದ್ದೆ. ಆ ಕಲ್ಲು ನೆಲದ ಮೇಲೆ ಉಜ್ಜುವ ಸಪ್ಪಳ ಮನೆಯವರಿಗೆಲ್ಲ ಕೇಳಿಸುತ್ತಿತ್ತು.

ನಾನು ಹುಟ್ಟಿ ಬೆಳೆದದ್ದು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ನಮ್ಮ ತವರುಮನೆಯ ಅಡಿಯಲ್ಲಿದ್ದದ್ದು ಕಲ್ಲು ಬೆರೆತ ಕೆಂಪು ನೆಲ. ಗೋಡೆ ಅಲುಗಾಡುತ್ತದೆ ಎಂಬ ಮಾತನ್ನೇ ನಾನು ಕೇಳಿರಲಿಲ್ಲ. ಇಲ್ಲಿ ಮನೆ ನಿಂತಿದ್ದದ್ದು ಕಪ್ಪು ಎರೆಮಣ್ಣಿನ ಮೇಲೆ. ಅಕ್ಕಿಯ ವ್ಯಾಪಾರ ಮಾಡುತ್ತಿದ್ದ ನಮ್ಮ ಮಾವ ಹಳೆಯ ಊರಿನ ಇಕ್ಕಟ್ಟು ಸಾಕಾಗಿ, ಕಾಲುವೆಯ ಈಚೆಗಿದ್ದ ಹೊಲದಲ್ಲಿ ಹೊಸ ಮಾಳಿಗೆ ಮನೆ ಕಟ್ಟಿಸಿದ್ದರು. ಬಳ್ಳಾರಿಯಿಂದ ಬಂಡಿಯಲ್ಲಿ ಸಿಮೆಂಟು ತರಿಸಿ ಪಡಸಾಲೆಗೆ ಕಾಂಕ್ರೀಟು ಹಾಕಿಸಿದ್ದರಂತೆ. ನೆರೆಯವರು ಬಂದು ಚಪ್ಪಲಿ ಹೊರಗೆ ಬಿಟ್ಟು ಅದರ ಮೇಲೆ ಓಡಾಡಿ ನೋಡಿ ಹೋಗಿದ್ದರಂತೆ. ನಾನು ಬರುವ ಹೊತ್ತಿಗೆ ಆ ನೆಲ ಮೂರು ತುಂಡಾಗಿ ಸೀಳಿತ್ತು. ಒಂದು ಕಡೆಯಂತೂ ಉಬ್ಬಿ, ಚೆಲ್ಲಿದ ನೀರೆಲ್ಲ ದೇವರಮನೆಯ ಕಡೆಗೆ ಹರಿಯುತ್ತಿತ್ತು.

ಗೋಡೆಯ ಬಿರುಕು ನನ್ನ ಬಾಗಿಲಿನ ಮೂಲೆಯಿಂದ ಹೊರಟು ಓರೆಯಾಗಿ ತೊಲೆಯವರೆಗೆ ಏರಿತ್ತು. ನಾನು ಬಂದ ವರ್ಷದವರೆಗೂ ಮಾವ ಪ್ರತಿ ಯುಗಾದಿಗೆ ಮೊದಲು ಅದಕ್ಕೆ ಸುಣ್ಣದ ಗಾರೆ ತುಂಬಿಸಿ ಬಳಿಸುತ್ತಿದ್ದರು. ವೈಶಾಖದ ಬಿಸಿಲಿಗೆ ಅದು ಮತ್ತೆ ಬಾಯಿ ಬಿಡುತ್ತಿತ್ತು. ಶ್ರಾವಣದಲ್ಲಿ ಮಳೆ ಹಿಡಿದರೆ ಮುಚ್ಚಿಕೊಂಡಂತೆ ಕಾಣುತ್ತಿತ್ತು. ಅತ್ತೆ ಅಯ್ಯನವರನ್ನು ಕರೆಸಿ ಕೇಳಿದ್ದರು, ಹೊಸಿಲಿಗೆ ಪೂಜೆ ಮಾಡಿಸಿದ್ದರು. ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತಾ ನನ್ನ ಮುಖ ನೋಡದೆ, "ನೀ ಬಂದ ವರ್ಷ ಭಾಳ ಬಿಡ್ತು ನೋಡು ಅದು" ಎಂದರು. ಬೈಗುಳದ ದನಿಯಲ್ಲಿ ಹೇಳಿದ ಮಾತಲ್ಲ ಅದು. ಮತ್ತೆಂದೂ ಅವರು ಅದನ್ನು ಆಡಲಿಲ್ಲ. ನನಗೆ ಮಾತ್ರ ಅದು ಹೋಗಲಿಲ್ಲ. ರೊಟ್ಟಿ ಬಡಿಯುತ್ತಿದ್ದರೂ, ಬಟ್ಟೆ ಮಡಚುತ್ತಿದ್ದರೂ ನಡುವೆ ಎದ್ದು ಹೋಗಿ ಬಿರುಕಿನ ಮೇಲೆ ಕೈಯಾಡಿಸಿ ಬರುವುದು ನನ್ನ ಚಟವಾಯಿತು.

ಕೊನೆಗೆ ಒಂದು ಅಮಾವಾಸ್ಯೆಯ ದಿನ ದಾರವನ್ನು ಬಿಗಿಯಾಗಿ ಹಿಡಿದು ಬಿರುಕಿನ ಅಡ್ಡಕ್ಕೆ ಕಾಡಿಗೆಯಿಂದ ಒಂದು ನೇರ ಗೆರೆ ಎಳೆದೆ. ಮುಂದಿನ ಅಮಾವಾಸ್ಯೆಗೆ ಗೆರೆಯ ನಡುವಿನ ಸಂದನ್ನು ಜೋಳದ ದಂಟಿನ ಸಿಬಿರಿನಿಂದ ಅಳೆದೆ. ಹೀಗೆ ತಿಂಗಳು ತಿಂಗಳು ನಡೆಯಿತು. ಬಿರುಕು ನನ್ನಿಂದ ಬಂದದ್ದಲ್ಲ ಎಂದು ಯಾರಿಗೆ ತೋರಿಸಬೇಕಿತ್ತೋ ಕಾಣೆ, ಬಹುಶಃ ನನಗೇ.

ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಒಂದು ಮಲ್ಲಿಗೆ ಮಡಿ. ತವರಿನಿಂದ ಕಡ್ಡಿ ತಂದು ಬಚ್ಚಲಮನೆಯ ಮೂಲೆಗೆ, ಗೋಡೆಯ ಬುಡದಲ್ಲೇ ನೆಟ್ಟಿದ್ದೆ. ದೂರಕ್ಕೆ ಹೋಗುತ್ತಿದ್ದ ಬಚ್ಚಲ ನೀರನ್ನು ಗಂಡನಿಗೆ ಹೇಳಿ ಅತ್ತ ತಿರುಗಿಸಿಕೊಂಡಿದ್ದೆ. ಕಡುಬೇಸಿಗೆಯಲ್ಲೂ ಅಲ್ಲಿ ಮಣ್ಣು ತೇವವಾಗಿರುತ್ತಿತ್ತು. ಹೂವು ಅತ್ತೆಯ ಪೂಜೆಗೂ ಆಗಿ ನನ್ನ ಜಡೆಗೂ ಮಿಗುತ್ತಿತ್ತು.

ನಾಲ್ಕನೆಯ ಬೇಸಿಗೆಗೆ ಬಿರುಕಿನಲ್ಲಿ ನನ್ನ ಅಂಗೈ ಹೋಗುವಂತಾಯಿತು. ಆಗ ಯುದ್ಧದ ಕಾಲ, ಸಿಮೆಂಟು ಎಲ್ಲಿಯೂ ಸಿಗುತ್ತಿರಲಿಲ್ಲ. ಗಂಡ ಹಂಪಿ ಕಡೆಯ ಹಳ್ಳಿಯೊಂದರಿಂದ ಒಬ್ಬ ಮುದುಕ ಗೌಂಡಿಯನ್ನು ಕರೆತಂದರು. ಅವನು ಸುಣ್ಣ ಮತ್ತು ಕಲ್ಲಿನ ಕೆಲಸ ಬಲ್ಲವನು. ಬಂದ ದಿನ ಕರಣಿಯನ್ನು ಚೀಲದಿಂದ ತೆಗೆಯಲೇ ಇಲ್ಲ. ಮನೆಯ ಸುತ್ತ ಕಬ್ಬಿಣದ ಸಲಾಕೆ ಊರುತ್ತಾ ನಾಲ್ಕು ಸಲ ತಿರುಗಿದ. ನೆಲದಲ್ಲಿ ಎರೆ ಬಿಟ್ಟಿದ್ದ ಸೀಳುಗಳಲ್ಲಿ ಸಲಾಕೆ ಮೊಳದುದ್ದ ಇಳಿಯುತ್ತಿತ್ತು. ಮಲ್ಲಿಗೆಯ ಹತ್ತಿರ ಮಾತ್ರ ಅದು ಮೆತ್ತಗೆ ಹೂತುಕೊಂಡು, ತುದಿಗೆ ಹಸಿ ಮಣ್ಣು ಹಿಡಿದು ಮೇಲೆ ಬಂತು. ಅದನ್ನು ಬೆರಳಲ್ಲಿ ಉಂಡೆ ಕಟ್ಟಿ ನೋಡಿದ. ಆಮೇಲೆ ಒಳಗೆ ಬಂದು ಬಿರುಕಿನ ಮುಂದೆ ನಿಂತ.

"ಈ ಕರಿ ಗೆರಿ ಯಾರು ಹಾಕ್ಯಾರ್ರಿ?"

ಮಾವನಿಗೆ ಆ ಗೆರೆಯ ಸುದ್ದಿಯೇ ಗೊತ್ತಿರಲಿಲ್ಲ. ಅವರು ಅತ್ತೆಯ ಮುಖ ನೋಡಿದರು. ಬಾಗಿಲ ಮರೆಯಲ್ಲಿದ್ದ ನಾನು ಈಚೆ ಬಂದು, ನಾನೇ ಎಂದು ಒಪ್ಪಿಕೊಂಡೆ. ನೇರ ಎಳೆದಿದ್ದಿರಾ ಎಂದು ಗೌಂಡಿ ಕೇಳಿದ. ದಾರ ಹಿಡಿದು ಎಳೆದದ್ದು ಎಂದೆ. ಅವನು ಎಲ್ಲರನ್ನೂ ಹತ್ತಿರ ಕರೆದು ಗೆರೆಯ ಮೇಲೆ ಬೆರಳಿಟ್ಟ. ಬಿರುಕಿನ ಆಚೆಗೆ, ಬಚ್ಚಲ ಕಡೆಗಿದ್ದ ಅರ್ಧ ಗೆರೆ ಈಚೆಗಿನ ಅರ್ಧಕ್ಕಿಂತ ಒಂದು ಬೆರಳು ಮೇಲಿತ್ತು. ಮೂರು ವರ್ಷ ಸಂದಿನ ಅಗಲವನ್ನು ಮಾತ್ರ ಅಳೆಯುತ್ತಿದ್ದ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

"ಬಚ್ಚಲ ಮೂಲಿ ವರ್ಷಾನಗಟ್ಲೆ ನೀರು ಕುಡುದು ಉಬ್ಬಿ ಕುಂತೈತ್ರಿ. ಉಳಿದ ಮನಿ ಬ್ಯಾಸಗ್ಯಾಗ ಒಣಗಿ ಇಳೀತೈತಿ. ನಡುವ ಗ್ವಾಡಿ ಏನ್ ಮಾಡ್ಬೇಕು, ಹರೀತೈತಿ."

ಯಾರೂ ಕೇಳುವ ಮೊದಲೇ ನೀರು ತಿರುಗಿಸಿದ್ದು ನನ್ನ ಮಲ್ಲಿಗೆಗೆ ಎಂದು ಹೇಳಿಬಿಟ್ಟೆ. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ಮಾವ ಉಬ್ಬಿದ ನೆಲವನ್ನೇ ನೋಡುತ್ತಾ ಗೌಂಡಿಗೆ ಹೇಳಿದರು:

"ಆಕೀದೊಂದ ತಪ್ಪಲ್ಲ. ಗರಸು ಸಿಗೂ ತನಕ ತೋಡ್ರಿ ಅಂತ ಆಳುಮಕ್ಕಳು ಹೇಳಿದ್ರು. ಮಗಳ ಮದಿವಿ ಹೊಸ ಮನ್ಯಾಗ ಆಗ್ಬೇಕಂತ ನಾನ ಮೂರು ಮೊಳಕ್ಕ ನಿಲ್ಸಿದೆ."

ಎರೆಯ ಅಡಿಯಲ್ಲಿ ಗಟ್ಟಿಯಾದ ಗರಸು ನೆಲ ಇರುತ್ತದೆ. ಮಳೆ ಬಂದರೂ ಬಿಸಿಲು ಬಂದರೂ ಅದು ಉಬ್ಬದು, ಕುಗ್ಗದು. ನಮ್ಮ ಗೋಡೆಗಳು ಅದನ್ನು ಮುಟ್ಟದೆ ಎರೆಯಲ್ಲೇ ನಿಂತಿದ್ದವು. ಈಗ ನಿಂತ ಗೋಡೆಯ ಕೆಳಗೇ ಅಗೆದು, ಗರಸಿನಿಂದ ಕಲ್ಲು ಕಟ್ಟಿಕೊಂಡು ಮೇಲೆ ಬರಬೇಕು ಎಂದ ಗೌಂಡಿ. ಒಮ್ಮೆಗೆ ಒಂದೇ ಗುಂಡಿ, ಎರಡು ಮೊಳ ಅಗಲ. ಅದರಲ್ಲಿ ಕಲ್ಲು ಕೂತು ಗಾರೆ ಗಟ್ಟಿಯಾದ ಮೇಲೆ ಅಷ್ಟು ದೂರ ಬಿಟ್ಟು ಇನ್ನೊಂದು. ಒಂದರ ಪಕ್ಕಕ್ಕೇ ಮತ್ತೊಂದನ್ನು ತೆಗೆದರೆ ಗೋಡೆಗೆ ಆಧಾರ ತಪ್ಪುತ್ತದೆ, ತೆಗೆಯಬಾರದು ಎಂದು ಮಾವನಿಂದ ಮಾತು ತೆಗೆದುಕೊಂಡೇ ಕೆಲಸಕ್ಕೆ ಕೈ ಹಾಕಿದ.

ಮಲ್ಲಿಗೆಯನ್ನು ನಾನೇ ಕಿತ್ತೆ. ಬಚ್ಚಲ ನೀರು ಮತ್ತೆ ದೂರಕ್ಕೆ ಹರಿಯುವಂತೆ ಕಲ್ಲಿನ ಕಾಲುವೆ ಆಯಿತು. ತೊಲೆಗಳಿಗೆ ಮರದ ಬಡ್ಡೆಗಳ ಆಸರೆ ಕೊಟ್ಟು, ಹಿತ್ತಲಲ್ಲಿ ಗಾರೆಯ ಗಾಣ ಹೂಡಿದರು. ಎತ್ತು ಸುತ್ತುತ್ತಾ ಸುಣ್ಣ ಮರಳು ಅರೆಯುವ ಕಿರುಗುಟ್ಟುವಿಕೆ ಬೆಳಗಿನಿಂದ ಸಂಜೆಯ ತನಕ ನಿಲ್ಲುತ್ತಿರಲಿಲ್ಲ. ಪಡಸಾಲೆಯ ಕಾಂಕ್ರೀಟನ್ನು ಸುತ್ತಿಗೆಯಿಂದ ಒಡೆದ ದಿನ ಮಾವ ಮನೆಯಲ್ಲಿರಲಿಲ್ಲ. ಅಂಗಡಿಗೆ ಹೋದವರು ಊಟಕ್ಕೂ ಬರಲಿಲ್ಲ.

ಐದು ಗುಂಡಿ ಮುಗಿಯುವಷ್ಟರಲ್ಲಿ ಮೋಡ ಕಟ್ಟತೊಡಗಿತು. ಅಗೆದ ಗುಂಡಿಗೆ ಮಳೆನೀರು ನಿಂತರೆ ಎಲ್ಲ ಹಾಳು. ಮಾವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆಕಾಶ ನೋಡುವುದು, ಗುಂಡಿ ನೋಡುವುದು, ಒಳಗೆ ಬಂದು ನೀರು ಕುಡಿಯುವುದು, ಮತ್ತೆ ಹೊರಗೆ. ಆ ಚಡಪಡಿಕೆ ನಮಗೆಲ್ಲ ಅಂಟಿತ್ತು. ಗೌಂಡಿ ಸುಣ್ಣದ ಭಟ್ಟಿಗೆ ಹೋದ ಒಂದು ಬೆಳಿಗ್ಗೆ ಅವರು ತಡೆಯಲಾರದೆ, ಇನ್ನೂ ಕಲ್ಲು ತುಂಬದ ಗುಂಡಿಯ ಪಕ್ಕದಲ್ಲೇ ಇನ್ನೊಂದನ್ನು ತೆಗೆಯಲು ಹೇಳಿದರು. ಇಬ್ಬರು ಹೆಣ್ಣಾಳುಗಳು ಇಳಿದು ಅಗೆಯತೊಡಗಿದರು.

ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಗೌಂಡಿ ಹೇಳಿದ್ದು ನನಗೆ ಗೊತ್ತಿತ್ತು. ಅತ್ತೆಗೆ ಹೇಳಿದೆ. ಗಂಡಸರು ನೋಡಿಕೊಳ್ಳುತ್ತಾರೆ, ನೀನು ಸುಮ್ಮನಿರು ಎಂದರು. ಸುಮ್ಮನಾದೆ. ಒಲೆಯ ಹತ್ತಿರ ಹೋದೆ, ಮತ್ತೆ ಕಿಟಕಿಗೆ ಬಂದೆ, ಮತ್ತೆ ಒಲೆಗೆ. ಮಾವನ ಎದುರು ನಿಂತು ಬ್ಯಾಡ್ರಿ ಎನ್ನುವುದನ್ನು ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡೆನೋ. ಹೀಗೆ ಒಂದು ತಾಸು ಕಳೆಯಿತು.

ಆಮೇಲೆ ನನ್ನ ಕೋಣೆಯಲ್ಲಿ ಗಾರೆ ಉದುರಿದ ಸಪ್ಪಳ ಕೇಳಿತು. ಓಡಿ ಹೋಗಿ ನೋಡಿದರೆ ಬೆಳಿಗ್ಗೆ ನಾಲ್ಕು ಬೆರಳಿದ್ದ ಸಂದು ಗೇಣಿನಷ್ಟಾಗಿತ್ತು. ನಾನು ನೋಡುತ್ತಿದ್ದ ಹಾಗೆಯೇ ಕಲ್ಲೊಂದು ಮುಂದಕ್ಕೆ ವಾಲಿತು. ತಲೆಯ ಮೇಲೆ ಸೆರಗಿಲ್ಲದೆ ಹಿತ್ತಲಿಗೆ ಓಡಿ, ಮೇಲೆ ಬರ್ರಿ, ಗ್ವಾಡಿ ಬೀಳ್ತೈತಿ ಎಂದು ಕೂಗಿದೆ. ಚಿಕ್ಕವಳು ಬುಟ್ಟಿ ಬಿಟ್ಟು ಹಾರಿ ಬಂದಳು. ದೊಡ್ಡವಳು ಗುಂಡಿಯ ಅಂಚಿಗೆ ಕೈ ಊರಿ ಅರ್ಧ ಏರಿದ್ದಾಗ ಬಚ್ಚಲ ಮೂಲೆಯ ಗೋಡೆ ಕುಸಿಯಿತು. ಧೂಳು ಇಳಿಯುವ ಮೊದಲೇ ಮಾವ ಗುಂಡಿಗೆ ಧುಮುಕಿದ್ದರು. ಒಂದೊಂದೇ ಕಲ್ಲನ್ನು ಎದೆಗಾನಿಸಿ ಎತ್ತಿ ಆಚೆ ಎಸೆಯುತ್ತಿದ್ದರು. ಅವರ ಉಗುರುಗಳಿಂದ ರಕ್ತ ಬರುತ್ತಿತ್ತು. ಆ ಹೆಂಗಸಿನ ಜೀವ ಉಳಿಯಿತು, ಪಾದದ ಗಂಟು ಮುರಿದಿತ್ತು.

ಸುಣ್ಣದ ಬಂಡಿಯೊಂದಿಗೆ ಬಂದ ಗೌಂಡಿ ಗುಂಡಿಯನ್ನು ನೋಡಿ, ಮಾವನ ಕೈ ನೋಡಿ, ಚೀಲ ಕೆಳಗಿಟ್ಟ. ಬಿಟ್ಟು ಹೋಗುತ್ತಾನೆಂದೇ ಎಲ್ಲರೂ ಅಂದುಕೊಂಡೆವು. ಅವನು ಪೇಟ ಬಿಚ್ಚಿ ಗೂಟಕ್ಕೆ ನೇತುಹಾಕಿ, ಬಿದ್ದ ಕಲ್ಲುಗಳನ್ನು ಜೋಡಿಸಲು ಕುಳಿತ. ಮಳೆ ಎರಡು ದಿನ ಕಾಡಿಸಿ ಹಿಂದೆ ಸರಿಯಿತು. ಆ ಮೂಲೆಯನ್ನು ಗರಸಿನಿಂದಲೇ ಹೊಸದಾಗಿ ಎಬ್ಬಿಸಿದರು. ಉಳಿದ ಗುಂಡಿಗಳು ಅವನು ಹೇಳಿದ ಲೆಕ್ಕದಲ್ಲೇ ಮುಗಿದವು. ಪಡಸಾಲೆಯ ಅಡಿಯ ಎರೆಯನ್ನು ಸೊಂಟದಾಳಕ್ಕೆ ತೆಗೆದು ಹೊರಗೆ ಹಾಕಿ, ಗರಸು ತುಂಬಿ ನೀರು ಹೊಯ್ದು ದಿಮ್ಮಸಿನಿಂದ ಬಡಿದರು. ಮೇಲೆ ಸಿಮೆಂಟಿಲ್ಲ, ಬರಿಯ ಕಲ್ಲಿನ ಚಪ್ಪಡಿ. ಮುಂದಿನ ಬೇಸಿಗೆಗೆ ಕೂದಲೆಳೆಯಷ್ಟು ಒಂದು ಬಿರುಕು ಕಾಣಿಸಿ ಅಲ್ಲಿಗೇ ನಿಂತಿತು.

ಕಾಲು ಮುರಿದವಳನ್ನು ನಮ್ಮ ಮನೆಯಲ್ಲೇ ಇರಿಸಿಕೊಂಡೆವು. ಗಂಡನಿಲ್ಲದ, ಮಕ್ಕಳಿಲ್ಲದ ಹೆಂಗಸು. ಎಲುಬು ಕಟ್ಟುವವನು ಬಿದಿರ ಸೀಳಿಟ್ಟು ಕಟ್ಟಿ ಹೋದ. ಕೂಲಿಯವರನ್ನು ಹೊಸಿಲು ದಾಟಲು ಬಿಡದಿದ್ದ ಅತ್ತೆ ತಾವೇ ಮನೆಯೊಳಗೆ ಚಾಪೆ ಹಾಸಿದರು, ತಮ್ಮ ಕೈಯಾರೆ ಉಣ್ಣಲಿಟ್ಟರು.

ನಾನು ಕೂಗಿದ್ದರಿಂದಲೇ ಇಬ್ಬರೂ ಬದುಕಿದರೆಂದು ಓಣಿಯಲ್ಲೆಲ್ಲ ಮಾತಾಯಿತು. ಮಾವ ಬಂದವರ ಮುಂದೆಲ್ಲ ಅದನ್ನೇ ಹೇಳುತ್ತಿದ್ದರು. ಕೇಳಿದಾಗಲೆಲ್ಲ ನನಗೆ ಎದ್ದು ಎಲ್ಲಾದರೂ ಹೋಗಬೇಕೆನಿಸುತ್ತಿತ್ತು. ಒಂದು ಮಧ್ಯಾಹ್ನ ಮಳೆ ಸುರಿಯುತ್ತಿತ್ತು. ಮನೆಯಲ್ಲಿ ಕಾಲು ಮುರಿದವಳೂ ನಾನೂ ಇಬ್ಬರೇ. ಅವಳ ಕಾಲಿಗೆ ಎಣ್ಣೆ ಹಚ್ಚುತ್ತಾ ಹೇಳಿಬಿಟ್ಟೆ:

"ಅಕ್ಕಾ, ಅವತ್ತು ನನಗ ಮೊದಲ ಗೊತ್ತಿತ್ತು. ಒಂದು ತಾಸು ಸುಮ್ಮನಿದ್ದೆ."

ಅವಳು ಕಾಲು ಹಿಂದೆಳೆದುಕೊಳ್ಳಲಿಲ್ಲ.

"ಗೊತ್ತೈತಿ ಯವ್ವಾ. ನೀವು ಕಿಟಕ್ಯಾಗ ಬಂದು ಬಂದು ನೋಡೂದು ಕಂಡಿದ್ದೆ. ಏನೋ ಐತಿ ಅಂತ ನನಗೂ ಅನಿಸಿತ್ತು. ನಾನೂ ಮ್ಯಾಲ ಬರಲಿಲ್ಲ."

ಎಣ್ಣೆ ಸಾಕೆಂದು ಕೈಸನ್ನೆ ಮಾಡಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ದಸರೆ ಕಳೆದ ಮೇಲೆ ಅವಳು ಕೋಲೂರಿ ನಡೆಯುವಂತಾದಳು. ಇಲ್ಲೇ ಇದ್ದುಬಿಡು ಎಂದು ಮಾವ, ಅತ್ತೆ ಇಬ್ಬರೂ ಹೇಳಿದರು. ಒಲ್ಲೆ ಎಂದಳು. ಸಂಡೂರಿನಲ್ಲಿ ತಂಗಿ ಇದ್ದಾಳೆಂದು ನನ್ನ ಗಂಡನ ಜೊತೆ ಅವರ ಬಂಡಿಯಲ್ಲಿಯೇ ಹೊರಟಳು. ಅತ್ತೆ ರೊಟ್ಟಿ ಚಟ್ನಿಪುಡಿ ಕಟ್ಟಿಕೊಟ್ಟರು. ಎರಡು ತಿಂಗಳ ಮೇಲೆ ಒಂದು ಸಲ ನನ್ನ ಗಂಡ ಬಂದಾಗ, ಗಣಿಯಲ್ಲಿ ಅದಿರು ಆರಿಸುವ, ಕೂತು ಮಾಡುವ ಕೆಲಸಕ್ಕೆ ಅವಳು ಸೇರಿದ್ದಾಳೆಂದು ತಿಳಿಸಿದರು. ದಿನಾ ಎದುರಾಗುತ್ತಾಳಂತೆ, ಮಾವ ಅತ್ತೆ ಹೇಗಿದ್ದಾರೆಂದು ವಿಚಾರಿಸುತ್ತಾಳಂತೆ. ನನ್ನನ್ನು ಕೇಳಿದಳೇ ಎಂದೆ. ಅವರು ನೆನಪು ಮಾಡಿಕೊಂಡು ನೋಡಿ, ಇಲ್ಲ ಎಂದರು.