ನಾರ್ವಿಚ್‌ನವರ ಮೂರು ಟೇಬಲ್ಲು

ಮೊನ್ನೆ ಉಪ್ಪಿನಕಾಯಿಗೆಂದು ಸಾಸಿವೆ ಪುಡಿ ಮಾಡಿ ಮಿಕ್ಸಿಯ ಮುಚ್ಚಳ ತೆಗೆದೆ. ಘಾಟು ನೇರ ನೆತ್ತಿಗೇರಿತು. ಕಣ್ಣೊರೆಸಿಕೊಳ್ಳುತ್ತಿರುವಾಗ ರೆಡ್‌ವುಡ್ ಸಿಟಿಯ ಒಂದು ಖಾಲಿ ಆಫೀಸು ನೆನಪಾಯಿತು. ಅಲ್ಲಿ ಬ್ರೆಡ್ಡಿಗೆ ಹಳದಿ ಸಾಸಿವೆ ಬಳಿದುಕೊಂಡು ತಿನ್ನುತ್ತಿದ್ದ ಇಂಗ್ಲೆಂಡಿನ ಯಜಮಾನರೂ...

ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ನಾನೂ ನನ್ನ ಹೆಂಡತಿಯೂ ಸನ್ನಿವೇಲ್‌ನಲ್ಲಿ ದೋಸೆ ಹೋಟೆಲು ಶುರು ಮಾಡುವವರಿದ್ದೆವು. ಶನಿವಾರ ಪೂಜೆ. ಲಿವರ್‌ಮೋರ್ ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ ಬನ್ನಿ ಎಂದು ಹೇಳಿಯಾಗಿತ್ತು. ಗುರುವಾರ ಬಂದರೂ ನಮ್ಮಲ್ಲಿ ಒಂದು ಟೇಬಲ್ಲೂ ಇರಲಿಲ್ಲ. ಹೊಸದು ಕೊಳ್ಳುವ ಶಕ್ತಿಯೂ ಇರಲಿಲ್ಲ. ಹೋಟೆಲು ತೆರೆಯುವವರಿಗೆ ಈಗಲೂ ಹೇಳುತ್ತೇನೆ: ಒಲೆ ಹೊಸದು ಕೊಳ್ಳಿ, ಟೇಬಲ್ಲು ಹಳೆಯದು ಕೊಳ್ಳಿ. ದೋಸೆ ಬೇಯುವುದು ಟೇಬಲ್ಲಿನ ಮೇಲಲ್ಲ.

ರೆಡ್‌ವುಡ್ ಸಿಟಿಯಲ್ಲಿ ಮುಚ್ಚಿದ ಒಂದು ಕಂಪನಿಯ ಟೇಬಲ್ಲುಗಳು ಮಾರಾಟಕ್ಕಿವೆ ಎಂದು ತಿಳಿದು ಇಬ್ಬರೂ ಹೋದೆವು. ಅಲ್ಲಿ ಉಳಿದಿದ್ದವರು ಆ ಇಂಗ್ಲೆಂಡಿನ ಯಜಮಾನರೊಬ್ಬರೇ. ಕಟ್ಟಡದ ಉಸ್ತುವಾರಿ ಅವರದು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಒಂದೊಂದು ಮೀಟಿಂಗು ರೂಮಿನ ಬಾಗಿಲಿಗೂ ಒಂದೊಂದು ಹೆಸರು ಅಂಟಿಸಿತ್ತು. ಕಂಪನಿಯ ಪಾಲುದಾರರಿರಬೇಕು ಎಂದುಕೊಂಡು ಕೇಳಿದೆ.

"ಅಲ್ಲ, ನಮ್ಮೂರಿನವರು. ನಾರ್ವಿಚ್" ಎಂದರು. ಕೋಣೆಗಳಿಗೆ ಹೆಸರಿಡುವ ಕೆಲಸವನ್ನು ಕಂಪನಿ ಕಟ್ಟಿದ ಹುಡುಗರು ಇವರಿಗೆ ಬಿಟ್ಟಿದ್ದರಂತೆ. ಬೇರೆ ಕಂಪನಿಗಳವರು ಗ್ರಹ, ನಕ್ಷತ್ರ ಎಂದು ಇಟ್ಟರೆ ಇವರು ತಮ್ಮೂರಿನ ದೊಡ್ಡವರನ್ನು ಕರೆತಂದು ಕೂರಿಸಿದ್ದರು.

"ಟೇಬಲ್ಲಿಗೆ ಎಷ್ಟು?"

"ಬೆಲೆ ಆಮೇಲೆ. ಇದು ಯಾರ ಕೋಣೆ ಅಂತ ಮೊದಲು ಕೇಳಿ. ಕೇಳದವರಿಗೆ ನಾನು ಕೊಡೋದಿಲ್ಲ."

ಇದೂ ವ್ಯಾಪಾರದ ಒಂದು ವರಸೆ ಎಂದುಕೊಂಡೆ. ನಾನೂ ಸೀರೆ ಮಾರಿದವನು; ನೇಯ್ದವನ ಕತೆ ಹೇಳಿ ಬೆಲೆ ಏರಿಸಿದವನು. ಸರಿ, ಕೇಳಿದರಾಯಿತು!

ಮೊದಲನೆಯ ಕೋಣೆ ಸಾಸಿವೆ ಗಿರಣಿಯ ಸಾಹುಕಾರರದು. ಕೆಲಸಗಾರರ ಮಕ್ಕಳಿಗೆ ಶಾಲೆ ಕಟ್ಟಿಸಿದವರು. ಅವರ ದುಡ್ಡೆಲ್ಲ ಬಂದದ್ದು ಜನ ತಿಂದ ಸಾಸಿವೆಯಿಂದಲ್ಲ, ತಟ್ಟೆಯ ಅಂಚಿನಲ್ಲಿ ಬಿಟ್ಟ ಸಾಸಿವೆಯಿಂದ ಎಂದು ಊರಿನಲ್ಲಿ ಹೇಳುತ್ತಾರಂತೆ. ನನಗೆ ಮನುಷ್ಯ ಹಿಡಿಸಿದ. ಚೌಕಾಸಿ ಸಲೀಸಾಗಿ ಮುಗಿಯಿತು.

ಎರಡನೆಯದು ಇನ್ನೂ ಹಳೆಯ ಕಾಲದ ಒಬ್ಬ ಜಮೀನುದಾರನದು. ಊರಿನ ಗೋಮಾಳಕ್ಕೆಲ್ಲ ದೊಡ್ಡವರು ಬೇಲಿ ಹಾಕಿದರೆಂದು ಬಡವರು ಕಿತ್ತುಹಾಕುತ್ತಾ ಇವನ ಬೇಲಿಗೂ ಬಂದರು. ಇವನು ಅವರ ಮಾತು ಕೇಳಿದ. ನೀವು ಹೇಳುವುದೇ ಸರಿ ಎಂದು ತನ್ನ ಬೇಲಿಯನ್ನೂ ಕೀಳಿಸಿ ಅವರ ಮುಂದಾಳಾದ.

"ಆಮೇಲೆ?"

"ರಾಜನ ಕಡೆಯವರು ಕೋಟೆಯ ಗೋಡೆಗೆ ನೇಣು ಹಾಕಿದರು."

ನನ್ನ ಹೆಂಡತಿ ನನ್ನ ಕಡೆ ತಿರುಗಿದಳು. "ನೀವಾಗಿದ್ರೆ ಬೇಲಿ ಕಿತ್ತು ಗೂಟಾನೂ ಮಾರ್ಕೊಂಡು ಬರ್ತಿದ್ರಿ, ಬಿಡಿ."

ಏನೆಂದಳು ಎಂದು ಯಜಮಾನರು ಕೇಳಿದರು. ಹೇಳಿದೆ. ಬೀಗದ ಕೈಗಳೆಲ್ಲ ಜಣಜಣ ಎನ್ನುವಷ್ಟು ನಕ್ಕರು; ಅವಳ ಮಾತಿಗೆಂದೇ ಬೆಲೆ ಇಳಿಸಿದರು.

ಮೂರನೆಯದು ಒಬ್ಬ ನರ್ಸಿನ ಕೋಣೆ. ಯುದ್ಧದಲ್ಲಿ ಎರಡೂ ಕಡೆಯ ಸೈನಿಕರ ಗಾಯಕ್ಕೆ ಮದ್ದು ಹಾಕಿದಳು. ತನ್ನ ಕಡೆಯವರನ್ನು ಗುಟ್ಟಾಗಿ ಗಡಿ ದಾಟಿಸಿದ್ದಕ್ಕೆ ಶತ್ರುಗಳು ಗುಂಡಿಟ್ಟು ಕೊಂದರು. ಆ ಟೇಬಲ್ಲಿಗೆ ಚೌಕಾಸಿ ಮಾಡಲು ನನಗೆ ಬಾಯಿ ಬರಲಿಲ್ಲ. ಅವರೇ ಅರ್ಧ ಬೆಲೆ ಹೇಳಿದರು.

ಮೂರನ್ನೂ ಬಾಡಿಗೆ ಟ್ರಕ್ಕಿಗೆ ಹಾಕಿ ಒಳಗೆ ಬಂದರೆ ಅವರು ಮೂಲೆಯ ಚಿಕ್ಕ ಕೋಣೆಯ ಬಾಗಿಲು ತೆರೆದು ನಿಂತಿದ್ದರು. ಅದರ ಮೇಲೂ ಒಬ್ಬ ಹೆಂಗಸಿನ ಹೆಸರು. ಇಣುಕಿದೆ.

"ರೀ, ಐದಕ್ಕೆ ಟ್ರಕ್ ವಾಪಸ್ ಕೊಡ್ಬೇಕು. ಫ್ರೀವೇ ಆಗ್ಲೇ ಜಾಮ್ ಆಗಿರತ್ತೆ" ಎಂದಳು ಹೆಂಡತಿ.

"ಇದರಲ್ಲಿ ನಮಗೆ ಬೇಕಾದ್ದು ಏನೂ ಇಲ್ಲ ಸಾರ್" ಎಂದೆ. "ಶನಿವಾರ ಹೋಟೆಲಿಗೆ ಬನ್ನಿ. ದೋಸೆ ತಿನ್ನುತ್ತಾ ಈ ಕತೆ ಹೇಳಿ."

 ಅವರು ಆ ಕೋಣೆಯ ದೀಪ ಆರಿಸಿದರು.

ಶನಿವಾರ ಹೋಟೆಲು ತುಂಬಿತು. ಟೇಬಲ್ಲುಗಳ ಕತೆ ನನ್ನಿಂದ ಕೇಳಿದ್ದ ಸಪ್ಲೈಯರು ಅಡುಗೆಮನೆಗೆ ಕೂಗಿದ: "ಸಾಸಿವೆ ಸಾವ್ಕಾರ್ರಿಗೆ ಎರಡು ಮಸಾಲೆ! ಬೇಲಿ ಗೌಡ್ರಿಗೆ ಒಂದು ಸೆಟ್ಟು! ನರ್ಸಮ್ಮಂಗೆ ಮೂರು ಕಾಫಿ!" ಅವರಿಗೆ ಇದನ್ನು ಕೇಳಿಸಬೇಕು ಎಂದು ಬಾಗಿಲ ಕಡೆ ನೋಡುತ್ತಲೇ ಇದ್ದೆ. ಬರಲಿಲ್ಲ.

ಮುಂದಿನ ವಾರ ದೋಸೆ ಕಟ್ಟಿಸಿಕೊಂಡು ನಾನೇ ಹೋದೆ. ಬಾಗಿಲಿಗೆ ಬಾಡಿಗೆಗಿದೆ ಎಂಬ ಬೋರ್ಡು. ಪಕ್ಕದ ಕಟ್ಟಡದ ಕಾವಲುಗಾರನಿಗೂ ಅವರು ಎಲ್ಲಿಗೆ ಹೋದರೆಂದು ತಿಳಿದಿರಲಿಲ್ಲ...

ಮೂಲೆಯ ಕೋಣೆಯ ಮೇಲೆ ಹೆಸರಿದ್ದ ಆ ಹೆಂಗಸು ಯಾರೆಂದು ಎಷ್ಟೋ ವರ್ಷದ ಮೇಲೆ ಮಗಳು ಲೈಬ್ರರಿಯಲ್ಲಿ ಹುಡುಕಿ ಹೇಳಿದಳು. ನೂರಾರು ವರ್ಷಗಳ ಹಿಂದೆ ಚರ್ಚಿನ ಗೋಡೆಗೆ ಅಂಟಿಕೊಂಡ ಒಂದು ಚಿಕ್ಕ ಕೋಣೆಯಲ್ಲಿ ತಾನಾಗಿಯೇ ಬದುಕಿಡೀ ಇದ್ದುಬಿಟ್ಟವಳಂತೆ. ಒಂದು ಕಿಟಕಿ. ಊರಿನವರು ಅದರ ಆಚೆ ನಿಂತು ತಮ್ಮ ಸಂಕಟ ಹೇಳಿಕೊಳ್ಳುತ್ತಿದ್ದರು, ಅವಳು ಕೇಳುತ್ತಿದ್ದಳು.

ಆಗ ನನಗೆ ಆ ಕೋಣೆ ಕಣ್ಣಿಗೆ ಬಂತು. ಕಾರಿಡಾರಿನ ಕಡೆಗೊಂದು ಪುಟ್ಟ ಕಿಟಕಿ, ಅದರ ಪಕ್ಕ ಒಂದು ಕುರ್ಚಿ, ಕೆಳಗೆ ತುಂಬಿದ ಕಸದ ಬುಟ್ಟಿ, ಅದರ ತುಂಬ ಕಣ್ಣೊರೆಸಿ ಎಸೆದ ಟಿಶ್ಯೂ. ಕೆಲಸ ಹೋದ ಎಷ್ಟು ಮಂದಿ ಆ ಕಿಟಕಿಗೆ ಬಂದು ಯಜಮಾನರ ಹತ್ತಿರ ಹೇಳಿಕೊಂಡಿದ್ದರೋ. ಕೊನೆಗೆ ಆ ಯಜಮಾನರ ಕೆಲಸವೂ ಹೋಗುವ ಹೊತ್ತಿಗೆ, ಅವರ ಮಾತು ಕೇಳಲು ಆ ಕಟ್ಟಡದಲ್ಲಿ ಇದ್ದವರು ನಾವಿಬ್ಬರೇ.

ಕಿಟಕಿ, ಕುರ್ಚಿ, ಬುಟ್ಟಿ ಎಲ್ಲ ನನ್ನ ಕಣ್ಣೆದುರೇ ಇದ್ದವು. ಅಲ್ಲಿ ಟೇಬಲ್ಲು ಇಲ್ಲ ಎಂಬುದನ್ನಷ್ಟೇ ನಾನು ನೋಡಿದೆ.